ಅಲುಗಿದ್ದು ಯಾರು?

ಟಾರ್ಚ್ ಆರಿಸಿ. ಮೊಬೈಲನ್ನೂ ಜೇಬಿಗಿಳಿಸಿ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20 ನಿಮಿಷವಾದರೂ ಬೇಕು. ನಡುವೆ ಒಂದು ಸಲ ಪರದೆಯ ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿನಿಂದ ಕಾಯಬೇಕು.

ಮಾರ್ಚ್ ತಿಂಗಳ ಎರಡನೇ ವಾರ, ಅಮಾವಾಸ್ಯೆ ಹತ್ತಿರ, ಬೆಳಗಿನ ಜಾವ ಮೂರು ಗಂಟೆ. ಗಂಗಾವತಿ ತಾಲ್ಲೂಕಿನ ಸಾಣಾಪುರದ ಬಳಿ ಒಂದು ಗದ್ದೆಯ ಅಂಚಿನಲ್ಲಿದ್ದೇವೆ. ಕಾಲಡಿಗೆ ಮೊಣಕಾಲೆತ್ತರದ ಚಪ್ಪಟೆ ಬಂಡೆ. ಹಗಲಿನ ಬಿಸಿಲು ಅದರಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಅಂಗೈ ಇಟ್ಟರೆ ಗೊತ್ತಾಗುತ್ತದೆ. ಎದುರಿಗೆ ಆಗ್ನೇಯ ದಿಕ್ಕು. ಸುಮಾರು 30 ಮೀಟರ್ ದೂರದಲ್ಲಿ ಗುಂಡುಕಲ್ಲುಗಳ ಒಂದು ಗುಂಪು, ಒಂದರ ಹೆಗಲ ಮೇಲೆ ಇನ್ನೊಂದು ಕೂತಂತಿದೆ. ಅದರಾಚೆ ಗುಡ್ಡ, ಗುಡ್ಡದಾಚೆ ತುಂಗಭದ್ರೆ, ಹೊಳೆ ದಾಟಿದರೆ ಹಂಪಿ. ಹಂಪಿಯಲ್ಲೇ ಏಕೆ ನಿಲ್ಲಲಿಲ್ಲ ಎಂದರೆ, ಅಲ್ಲಿನ ಸ್ಮಾರಕಗಳ ಆವರಣಕ್ಕೆ ಕತ್ತಲಾದ ಮೇಲೆ ಪ್ರವೇಶವಿಲ್ಲ, ಹಗಲಲ್ಲೂ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಈಚೆ ದಂಡೆಯ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ. ರಾತ್ರಿ ಹೊತ್ತು ಬಂಡೆ ಹತ್ತುವ ಉಮೇದು ಬೇಡವೇ ಬೇಡ. ಗದ್ದೆಯವರನ್ನು ಹಿಂದಿನ ದಿನವೇ ಕೇಳಿಕೊಂಡು, ಮನೆಗಳ ಕೂಗಳತೆಯಲ್ಲಿ ನಿಲ್ಲುವುದು ಒಳ್ಳೆಯದು.

ಈಗ ತಲೆಯೆತ್ತಿ. ನೆತ್ತಿಯ ಮೇಲೆ ಕೇಸರಿ ಹೊಳಪಿನ ಸ್ವಾತಿ. ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಬಿಳಿಯ ಚಿತ್ರಾ. ಈಶಾನ್ಯದಲ್ಲಿ ಅಭಿಜಿತ್ ಮೇಲೇರುತ್ತಿದೆ. ಆಗ್ನೇಯದಲ್ಲಿ ಕೆಂಪಗೆ ಮಿನುಗುತ್ತಿರುವುದು ಜ್ಯೇಷ್ಠಾ, ಅದರ ಕೆಳಗೆ ವೃಶ್ಚಿಕದ ಕೊಂಡಿ. ಕೊಂಡಿಯ ಪಕ್ಕದಲ್ಲಿ ಮೋಡವೇನೋ ಎಂಬಂತೆ ಒಂದು ಬೂದು ಪಟ್ಟಿ ಕಾಣುತ್ತಿದೆಯಲ್ಲ, ಅದು ನಮ್ಮ ಆಕಾಶಗಂಗೆಯ ನಡುಭಾಗ. ಇನ್ನೂ ದಿಗಂತಕ್ಕೆ ಹತ್ತಿರವಿದೆ. ಅದರ ಬುಡದಲ್ಲಿ ಕಿತ್ತಳೆ ಬಣ್ಣದ ಮಂಕು ಹೊಳಪು: ತೋರಣಗಲ್ಲು, ಬಳ್ಳಾರಿ ಕಡೆಯ ಊರು, ಕಾರ್ಖಾನೆಗಳ ದೀಪ. ನಾಲ್ಕು ಗಂಟೆಗೆ ಈ ನಡುಭಾಗ 28 ಡಿಗ್ರಿಯಷ್ಟು ಮೇಲೆ ಬಂದು ಆ ಹೊಳಪಿನಿಂದ ಬಿಡಿಸಿಕೊಳ್ಳುತ್ತದೆ. ಐದೂಕಾಲು ದಾಟಿದರೆ ಪೂರ್ವದಲ್ಲಿ ಬೆಳಕಿನ ಮೊದಲ ಸುಳಿವು. ಅಂದರೆ ಸಿದ್ಧತೆಗೆ ಒಂದು ಗಂಟೆ, ಕೆಲಸಕ್ಕೆ ಒಂದು ಗಂಟೆ ಚಿಲ್ಲರೆ.

ಈ ಸಿದ್ಧತೆಯ ಒಂದು ಗಂಟೆಯಲ್ಲೇ ಚಿತ್ರದ ಹಣೆಬರಹ ನಿರ್ಧಾರವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ರಾತ್ರಿಯ ಚಿತ್ರ ಮಸುಕಾಗಿ ಬಂದಾಗ ಹೆಚ್ಚಿನವರು ಲೆನ್ಸನ್ನು ದೂರುತ್ತಾರೆ, ಇನ್ನೂ ಬೆಲೆಯದನ್ನು ಕೊಳ್ಳುವ ಲೆಕ್ಕ ಹಾಕುತ್ತಾರೆ. ಮೊದಲು ಕೇಳಬೇಕಾದ್ದು ಬೇರೆ: ಅಲುಗಿದ್ದು ಯಾರು? ಸ್ಟ್ಯಾಂಡೋ, ಗಾಳಿಯೋ, ನನ್ನ ಬೆರಳೋ, ಕ್ಯಾಮೆರಾದೊಳಗಿನ ಕನ್ನಡಿಯೋ, ಅಥವಾ ನಾವು ನಿಂತಿರುವ ಈ ಭೂಮಿಯೋ? ಒಬ್ಬೊಬ್ಬರನ್ನೇ ಹಿಡಿದು ಕೂರಿಸುತ್ತ ಬರೋಣ.

ಮೊದಲು ನೆಲ. ಗದ್ದೆಯ ಬದು ನೋಡಲು ಸಮತಟ್ಟಾಗಿದೆ, ಆದರೆ ನೀರುಂಡ ಮಣ್ಣು. ಅದರ ಮೇಲಿಟ್ಟ ಕಾಲು ನಾವು ನೋಡುತ್ತಿದ್ದಂತೆಯೇ ಕೂದಲೆಳೆಯಷ್ಟು ಇಳಿಯುತ್ತದೆ, ಇಳಿದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಪಕ್ಕದಲ್ಲಿ ಯಾರಾದರೂ ಹೆಜ್ಜೆ ಹಾಕಿದರೆ ಇಡೀ ಬದು ಅದುರುತ್ತದೆ. ಅದಕ್ಕೇ ಬಂಡೆ. ಬೇರೆ ದಾರಿಯಿಲ್ಲದೆ ಬದುವಿನ ಮೇಲೇ ಇಡುವುದಾದರೆ ಪಾದದ ರಬ್ಬರನ್ನು ತಿರುಗಿಸಿ ಒಳಗಿನ ಉಕ್ಕಿನ ಮೊನೆ ಹೊರತಂದು, ಗಟ್ಟಿ ನೆಲ ಸಿಗುವವರೆಗೂ ಒಂದೊಂದು ಕಾಲನ್ನೂ ಒತ್ತಿ ಕೂರಿಸಬೇಕು. ಇಲ್ಲಿ ಗ್ರಾನೈಟಿನ ಮೇಲೆ ರಬ್ಬರೇ ಸರಿ, ಮೊನೆ ಜಾರುತ್ತದೆ.

ಕಾಲಿನ ದಪ್ಪ ಭಾಗವನ್ನು ಮೊದಲು ಎಳೆಯಿರಿ. ಕೊನೆಯ ಸಣಕಲು ಭಾಗ ಒಳಗೇ ಇರಲಿ. ಒಂದು ಕಾಲು ಲೆನ್ಸಿನ ದಿಕ್ಕಿಗೇ ಇದ್ದರೆ ಮುಂಭಾರವನ್ನು ಅದು ಹೊರುತ್ತದೆ, ಹಿಂದೆ ನಿಮಗೆ ನಿಲ್ಲಲು ಜಾಗವೂ ಆಗುತ್ತದೆ. ನಡುಗಂಬವನ್ನು ಮಾತ್ರ ಎತ್ತಬೇಡಿ. ಅದನ್ನು ಎತ್ತಿದ ಮೇಲೆ ಮೂರು ಕಾಲಿನ ಸ್ಟ್ಯಾಂಡು ಒಂಟಿಗೋಲೇ. ನಿಂತು ನೋಡುವ ಸುಖ ಬೇಡ, ಕುಕ್ಕರುಗಾಲಿನಲ್ಲಿ ಕೂತು ಕೆಲಸ ಮಾಡೋಣ. ಸ್ಟ್ಯಾಂಡು ಎಷ್ಟು ಗಿಡ್ಡವೋ ಅಷ್ಟು ಭದ್ರ. ಹೊರಲು ಹಗುರವೆಂದು ಕೊಂಡ ಟ್ರೈಪಾಡು ಗಾಳಿಗೂ ಹಗುರವೇ. ಭಾರದ ಹಳೆಯ ಅಲ್ಯುಮಿನಿಯಂ ಸ್ಟ್ಯಾಂಡ್ ಮನೆಯಲ್ಲಿದ್ದರೆ ಅದನ್ನೇ ಹೊತ್ತು ತನ್ನಿ, ಬೆನ್ನು ನೋಯುವುದು ಒಂದು ದಿನ ಮಾತ್ರ.

ಕ್ಯಾಮೆರಾದ ಕುತ್ತಿಗೆ ಪಟ್ಟಿಯನ್ನು ಬಿಚ್ಚಿಬಿಡಿ. ಗಾಳಿ ಜೋರಿಲ್ಲದಿದ್ದರೂ ಇದೆ; ಪಟ್ಟಿ ಪಟಪಟ ಹೊಡೆಯಲು ಅಷ್ಟು ಸಾಕು. ನಡುಗಂಬದ ಕೊಕ್ಕೆಗೆ ಚೀಲ ತೂಗುಹಾಕುವ ರೂಢಿ ಇದೆಯಲ್ಲ, ಹಾಕಿ, ಆದರೆ ಚೀಲದ ತಳ ಬಂಡೆಗೆ ತಾಗಿರಲಿ. ಗಾಳಿಯಲ್ಲಿ ತೂಗಾಡುವ ಚೀಲ ತಾನೇ ಸ್ಟ್ಯಾಂಡನ್ನು ಅಲ್ಲಾಡಿಸುತ್ತದೆ. ಲೆನ್ಸಿನ ಮುಂದಿರುವ ಫಿಲ್ಟರ್ ಗಾಜನ್ನೂ ತೆಗೆಯಿರಿ. ಕತ್ತಲಲ್ಲಿ ಅದು ಮಾಡುವ ಉಪಕಾರ ಏನೂ ಇಲ್ಲ, ದೀಪವೇನಾದರೂ ಚೌಕಟ್ಟಿನಲ್ಲಿ ಬಂದರೆ ಅದರ ಪ್ರತಿಬಿಂಬವೊಂದನ್ನು ಆಕಾಶದಲ್ಲಿ ತೇಲಿಬಿಡುತ್ತದೆ. ಇನ್ನು ಲೆನ್ಸಿನ, ಕ್ಯಾಮೆರಾದ ಅದುರು ತಡೆಯುವ ವ್ಯವಸ್ಥೆ. ಅದು ಕೈಯಲ್ಲಿ ಹಿಡಿದಾಗಿನ ನಡುಕಕ್ಕಾಗಿ ಮಾಡಿದ್ದು. ಬಂಡೆಯಂತೆ ಕೂತ ಕ್ಯಾಮೆರಾದಲ್ಲಿ ಇಲ್ಲದ ನಡುಕವನ್ನು ಹುಡುಕುತ್ತ ತಾನೇ ಸರಿದಾಡುವುದುಂಟು. ಆರಿಸಿ.

ಇಷ್ಟಾದ ಮೇಲೆ ಸ್ಟ್ಯಾಂಡು ನಿಜಕ್ಕೂ ಕೂತಿದೆಯೇ? ಅದನ್ನು ನಂಬಿಕೆಯ ಮೇಲೆ ಬಿಡಬೇಡಿ, ನೋಡಿಬಿಡೋಣ. ಲೈವ್ ವ್ಯೂ ಹಾಕಿ, ಪರದೆಯ ಹೊಳಪನ್ನು ಕಡೆಯ ಹಂತಕ್ಕೆ ಇಳಿಸಿ. ಜ್ಯೇಷ್ಠಾ ಚೌಕಟ್ಟಿನೊಳಗೆ ಬರುವಂತೆ ತಿರುಗಿಸಿ, ಬಾಲ್ ಹೆಡ್ ಬಿಗಿ ಮಾಡಿ, ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ. ಈಗ ಸ್ಟ್ಯಾಂಡಿನ ಒಂದು ಕಾಲನ್ನು ಬೆರಳ ತುದಿಯಿಂದ ಒಮ್ಮೆ ತಟ್ಟಿ ಕೈ ತೆಗೆಯಿರಿ.

ಕುಣಿಯಿತಲ್ಲ? ಎಣಿಸಿ. ಒಂದು, ಎರಡು, ಮೂರು... ಈಗ ನಿಂತಿತು. ಈ ಸ್ಟ್ಯಾಂಡಿಗೆ, ಈ ಗಾಳಿಗೆ, ಈ ನೆಲಕ್ಕೆ ಸಮಾಧಾನವಾಗಲು ಬೇಕಾದ ಹೊತ್ತು ಅಷ್ಟು. ಶಟರ್ ಗುಂಡಿಯನ್ನು ಬೆರಳಲ್ಲಿ ಒತ್ತಿದಾಗಲೂ ಆಗುವುದು ಇದೇ ಕುಣಿತ. 2 ಸೆಕೆಂಡಿನ ಸೆಲ್ಫ್ ಟೈಮರ್ ಇದಕ್ಕೆ ಸಾಲದು, 10 ಸೆಕೆಂಡಿನದು ಬೇಕು. ರಿಮೋಟ್ ಇದ್ದರೆ ಗುಂಡಿ ಮುಟ್ಟುವ ಪ್ರಮೇಯವೇ ಇಲ್ಲ.

ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಇನ್ನೊಬ್ಬ ಅಲುಗುವವನಿದ್ದಾನೆ. ಶಟರ್ ತೆರೆಯುವ ಮುನ್ನ ಕನ್ನಡಿ ಠಪ್ಪೆಂದು ಮೇಲೆದ್ದು ಬಡಿಯುತ್ತದೆ. ಆ ಅದುರು ಬೇಗ ಅಡಗುವಂಥದ್ದು, ಹಾಗಾಗಿ ಅರ್ಧ ನಿಮಿಷದ ಎಕ್ಸ್‌ಪೋಷರಿನಲ್ಲಿ ಅದರ ಪಾಲು ತೀರ ಸಣ್ಣದು. ಕಾಟ ಕೊಡುವುದು ಸೆಕೆಂಡಿನ ಮೂವತ್ತನೇ ಒಂದು ಭಾಗದಿಂದ ಒಂದು ಸೆಕೆಂಡಿನವರೆಗಿನ ಎಕ್ಸ್‌ಪೋಷರಿನಲ್ಲಿ. ಮುಸ್ಸಂಜೆಯಲ್ಲಿ ದೀಪ ಹಚ್ಚಿದ ಗುಡಿ ಗೋಪುರಗಳನ್ನು ತೆಗೆಯುವಾಗ ಬರುವುದು ಇದೇ ಹೊತ್ತು. ಮಿರರ್ ಲಾಕ್ ಹಾಕಿದರೆ ಅಥವಾ ಲೈವ್ ವ್ಯೂನಲ್ಲೇ ತೆಗೆದರೆ ಕನ್ನಡಿ ಮೊದಲೇ ಎದ್ದಿರುತ್ತದೆ. ಇನ್ನೂ ಹಳೆಯ ಉಪಾಯ ಒಂದಿದೆ: ಲೆನ್ಸಿನ ಮುಂದೆ, ಮುಟ್ಟಿಸದಂತೆ, ಕಪ್ಪು ಟೋಪಿಯೊಂದನ್ನು ಹಿಡಿದುಕೊಂಡು ಶಟರ್ ತೆರೆಯಿರಿ, ಅದುರು ಅಡಗಿದ ಮೇಲೆ ಟೋಪಿ ಸರಿಸಿ. ಹುಲಿಗಿ ರಸ್ತೆಯಲ್ಲಿ ಲಾರಿ ಬಂದು ಅದರ ದೀಪ ಇತ್ತ ತಿರುಗಿದಾಗಲೂ ಅದೇ ಟೋಪಿ ಕೆಲಸಕ್ಕೆ ಬರುತ್ತದೆ.

ಈಗ ಫೋಕಸ್. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಆಟೋಫೋಕಸ್ ಈ ಕತ್ತಲಲ್ಲಿ ಅತ್ತಿಂದಿತ್ತ ತಡಕಾಡಿ ಸುಮ್ಮನಾಗುತ್ತದೆ. ಲೆನ್ಸಿನ ಮೇಲಿನ ಅನಂತದ ಗುರುತನ್ನೂ ನಂಬುವಂತಿಲ್ಲ. ಉಂಗುರ ಆ ಗುರುತನ್ನು ದಾಟಿಯೂ ತಿರುಗುವಂತೆ ಮಾಡಿರುತ್ತಾರೆ, ಬಿಸಿ ತಂಪಿಗೆ ಗಾಜು, ಲೋಹ ಹಿಗ್ಗಿ ಕುಗ್ಗುವುದರಿಂದ ನಿಜವಾದ ಜಾಗ ಸರಿಯುತ್ತಿರುತ್ತದೆ. ಮ್ಯಾನುಯಲ್ ಮಾಡಿಕೊಳ್ಳಿ, ಜ್ಯೇಷ್ಠಾ ಹತ್ತು ಪಟ್ಟು ಹಿಗ್ಗಿಯೇ ಇರಲಿ. ಉಂಗುರವನ್ನು ನಿಧಾನ ತಿರುಗಿಸಿ. ಮೊದಲು ಅದೊಂದು ಮಂಕು ತಟ್ಟೆ. ಕಿರಿದಾಗುತ್ತ ಬರುತ್ತದೆ, ಅಂಚಿನಲ್ಲಿ ನೇರಳೆಯ ಛಾಯೆ. ಇನ್ನೂ ತಿರುಗಿಸಿ. ಚುಕ್ಕೆಯಾಯಿತು. ಅಷ್ಟಕ್ಕೇ ನಿಲ್ಲಿಸಬೇಡಿ, ದಾಟಿಹೋಗಿ: ಮತ್ತೆ ಹಿಗ್ಗಿತು, ಈ ಸಲ ಅಂಚಿನ ಛಾಯೆ ಹಸಿರು. ಈಗ ಹಿಂದಕ್ಕೆ ಬನ್ನಿ. ಎರಡೂ ಬಣ್ಣ ಅಳಿಸಿಹೋಗಿ ಬಿಂದು ಅತಿ ಸಣ್ಣದಾಗುವ ಒಂದು ಜಾಗವಿದೆ. ಸರಿಯಾಗಿ ಅಲ್ಲಿಗೆ ಬಂದಿರಿ ಎಂಬುದಕ್ಕೆ ಸಾಕ್ಷಿ ಜ್ಯೇಷ್ಠಾ ಅಲ್ಲ, ಅದರ ಸುತ್ತಲಿನ ಬಡ ನಕ್ಷತ್ರಗಳು. ಇಷ್ಟು ಹೊತ್ತು ಪರದೆಯ ಮೇಲೆ ಇಲ್ಲದಿದ್ದ ಎರಡು ಮೂರು ಪುಟ್ಟ ಚುಕ್ಕಿಗಳು ತಟ್ಟನೆ ಮೂಡಿದವು, ನೋಡಿದಿರಾ? ಉಂಗುರವನ್ನು ಕೂದಲಷ್ಟು ಸರಿಸಿದರೆ ಮಾಯ, ಹಿಂದಕ್ಕೆ ತಂದರೆ ಹಾಜರು. ಅಲ್ಲೇ ನಿಲ್ಲಿಸಿ. ವೈರಿಂಗ್‌ನವರ ಇನ್ಸುಲೇಷನ್ ಟೇಪಿನ ಒಂದು ತುಂಡನ್ನು ಉಂಗುರಕ್ಕೂ ಲೆನ್ಸಿನ ಮೈಗೂ ಸೇರಿಸಿ ಅಂಟಿಸಿ. ಬಿಗಿಯಾಗಿ ಒತ್ತಬೇಡಿ, ಒತ್ತುವಾಗಲೇ ಉಂಗುರ ತಿರುಗುತ್ತದೆ.

ನಕ್ಷತ್ರಕ್ಕೆ ಫೋಕಸ್ ಮಾಡಿದರೆ ಗುಂಡುಕಲ್ಲು ಮಸುಕಾಗುವುದಿಲ್ಲವೇ? ನಮ್ಮದು 20 ಮಿಲಿಮೀಟರಿನ ಅಗಲ ಲೆನ್ಸ್, ಅಪರ್ಚರ್ ಎಫ್/2.8, ಸೆನ್ಸರಿನ ಒಂದೊಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್. ಲೆಕ್ಕ ಹಾಕಿದರೆ 30 ಮೀಟರ್ ದೂರದ ಕಲ್ಲಿನ ಒಂದು ಬಿಂದು ಸೆನ್ಸರಿನ ಮೇಲೆ 5 ಮೈಕ್ರಾನಿಗಿಂತ ಕಡಿಮೆ ಹರಡುತ್ತದೆ, ಅಂದರೆ ಒಂದೇ ಪಿಕ್ಸೆಲ್ಲಿನ ಒಳಗೆ. ಕಲ್ಲು ನಕ್ಷತ್ರದಷ್ಟೇ ಚೂಪು. ಅದೇ 5 ಮೀಟರ್ ದೂರದ ಭತ್ತದ ಪೈರು ಐದು ಪಿಕ್ಸೆಲ್ ಹರಡುತ್ತದೆ. ಈ ಜಾಗ ಆರಿಸಿದ್ದೂ, ಹಗಲಲ್ಲೇ ಬಂದು ಹೆಜ್ಜೆ ಅಳೆದು ಹೋದದ್ದೂ ಇದಕ್ಕೇ. ಎಡಕ್ಕೆ ಬಾಳೆತೋಟ ಎಷ್ಟು ಚೆಂದ ಇದೆ, ಅದನ್ನೂ ಚೌಕಟ್ಟಿಗೆ ತರಬಾರದೇ ಎನ್ನಿಸುತ್ತದೆ. ಬೇಡ. ಬಾಳೆಯೆಲೆ ಗಾಳಿಯಿಲ್ಲದಿದ್ದರೂ ಸುಮ್ಮನಿರುವ ಜಾತಿಯಲ್ಲ. ಈ ಸೀಮೆಯ ದೊಡ್ಡ ಅನುಕೂಲವೆಂದರೆ ಅಲುಗದ ಕಲ್ಲು ಕಣ್ಣು ಹಾಯಿಸಿದಲ್ಲೆಲ್ಲ ಇದೆ.

ಗಂಟೆ ಮೂರೂ ಮುಕ್ಕಾಲು. ಒಂದು ಪರೀಕ್ಷೆಯ ಚಿತ್ರ. ಬೇಕೆಂದೇ ಎಲ್ಲರೂ ಹೇಳುವ ಹಳೆಯ ಸೂತ್ರದಂತೆ ತೆಗೆಯೋಣ: 500ನ್ನು ಲೆನ್ಸಿನ ಫೋಕಲ್ ಲೆಂತಿನಿಂದ ಭಾಗಿಸಿದರೆ ಬರುವಷ್ಟು ಸೆಕೆಂಡು. 20ರಿಂದ ಭಾಗಿಸಿದರೆ 25 ಸೆಕೆಂಡು. ಐಎಸ್‌ಒ 3200. ರಿಮೋಟ್ ಒತ್ತಿ, ಕೈ ಕಟ್ಟಿ ನಿಲ್ಲಿ. ಮಾತಾಡಬಹುದು, ನಡೆಯಬೇಡಿ.

ಮುಗಿಯಿತು. ಪರದೆಯ ಮೇಲೆ ಇಡೀ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಇಷ್ಟು ಸಣ್ಣ ಪರದೆಯಲ್ಲಿ ಯಾವ ಚಿತ್ರ ಚೆನ್ನಾಗಿಲ್ಲ! ಪೂರ್ತಿ ಹಿಗ್ಗಿಸಿ ನೋಡಿ. ಒಂದೊಂದು ನಕ್ಷತ್ರವೂ ಅಕ್ಕಿಕಾಳಿನಂತೆ ಉದ್ದವಾಗಿದೆ. ಕಲ್ಲು ನೋಡಿ: ಅಂಚು ಚೂಪಾಗಿದೆ, ಬಿರುಕುಗಳೂ ಎಣಿಸುವಂತಿವೆ. ಹಾಗಾದರೆ ಸ್ಟ್ಯಾಂಡಿನ ತಪ್ಪಲ್ಲ, ಬೆರಳಿನದ್ದಲ್ಲ, ಗಾಳಿಯದ್ದೂ ಅಲ್ಲ. ಅಲುಗಿದ್ದು ಭೂಮಿ.

ಭೂಮಿ ತನ್ನ ಸುತ್ತ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ. ಅಂದರೆ ಗಂಟೆಗೆ 15 ಡಿಗ್ರಿ, ಒಂದು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್. 20 ಮಿಲಿಮೀಟರ್ ಲೆನ್ಸಿನ ಹಿಂದೆ ಇದು ಸೆಕೆಂಡಿಗೆ ಸುಮಾರು ಒಂದೂವರೆ ಮೈಕ್ರಾನ್ ಚಲನೆ. ಆಕಾಶದ ವಿಷುವದ್ವೃತ್ತದ ಬಳಿಯ ನಕ್ಷತ್ರ ನಾಲ್ಕು ಸೆಕೆಂಡಿಗೆ ಒಂದು ಪಿಕ್ಸೆಲ್ ದಾಟುತ್ತದೆ. 25 ಸೆಕೆಂಡಿಗೆ ಆರು ಪಿಕ್ಸೆಲ್. ಫಿಲ್ಮಿನ ಕಾಲದಲ್ಲಿ, ಅಂಗೈಯಗಲದ ಪ್ರಿಂಟಿನಲ್ಲಿ, ಈ ಆರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಸೂತ್ರ ಆ ಕಾಲಕ್ಕೆ ಸರಿ. ಇಂದಿನ ಸೆನ್ಸರಿಗೆ ಅದು ತೀರ ಸಡಿಲ. 45 ಮೆಗಾಪಿಕ್ಸೆಲ್ಲಿನ ಕ್ಯಾಮೆರಾದಲ್ಲಂತೂ ಮೂರು ಸೆಕೆಂಡಿಗೇ ಒಂದು ಪಿಕ್ಸೆಲ್ ಸರಿಯುತ್ತದೆ.

ಎಲ್ಲ ನಕ್ಷತ್ರಗಳೂ ಒಂದೇ ವೇಗದಲ್ಲಿ ಸರಿಯುವುದಿಲ್ಲ. ಉತ್ತರಕ್ಕೆ ತಿರುಗಿ. ಧ್ರುವ ಎಲ್ಲಿ? ಮೇಲೆ ಹುಡುಕಬೇಡಿ, ನಾವು 15ನೇ ಅಕ್ಷಾಂಶದಲ್ಲಿದ್ದೇವೆ, ಹಾಗಾಗಿ ಧ್ರುವವೂ ದಿಗಂತದಿಂದ 15 ಡಿಗ್ರಿ ಎತ್ತರದಲ್ಲಷ್ಟೇ, ಅಲ್ಲಿ ಆ ಗುಡ್ಡದ ತಲೆಗೆ ಸ್ವಲ್ಪ ಮೇಲೆ. ಅದರ ಸುತ್ತಲಿನ ನಕ್ಷತ್ರಗಳು ಹೆಚ್ಚು ಕಡಿಮೆ ನಿಂತಂತೆಯೇ. ಅಲ್ಲಿಂದ ದೂರ ಬಂದಷ್ಟೂ ವೇಗ ಹೆಚ್ಚುತ್ತದೆ, ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ಇಳಿದಾಗ ಅತಿ ಹೆಚ್ಚು. ಕರ್ನಾಟಕದಲ್ಲಿ ತಲೆಯ ಮೇಲಿನ ಆಕಾಶವೇ ವೇಗದ ಆಕಾಶ. ಯುರೋಪಿನವರೋ ಕೆನಡಾದವರೋ ಬರೆದ ಸೆಕೆಂಡುಗಳ ಪಟ್ಟಿಯನ್ನು ಅವರ ಉತ್ತರದ ಆಕಾಶಕ್ಕೆ ಬಿಟ್ಟು, ನಮ್ಮ ಲೆಕ್ಕ ನಾವೇ ಹಾಕಿಕೊಳ್ಳಬೇಕಾದ್ದು ಅದಕ್ಕೇ. ವೃಶ್ಚಿಕದ ಕಡೆ ಒಂದು ಪಿಕ್ಸೆಲ್ಲಿಗೆ ನಾಲ್ಕೂ ಮುಕ್ಕಾಲು ಸೆಕೆಂಡು ಸಿಗುತ್ತದೆ. ಎರಡು ಪಿಕ್ಸೆಲ್ ಸರಿದರೆ ಕಣ್ಣು ಕ್ಷಮಿಸುತ್ತದೆ. ಹಾಗಾದರೆ 10 ಸೆಕೆಂಡು. ಬೆಳಕು ಕಡಿಮೆಯಾದ್ದಕ್ಕೆ ಐಎಸ್‌ಒ 6400.

ಆಕಾಶದ ಜೊತೆಗೇ ಕ್ಯಾಮೆರಾವನ್ನು ತಿರುಗಿಸುವ ಯಂತ್ರವೂ ಇದೆ, ಟ್ರ್ಯಾಕರ್ ಎನ್ನುತ್ತಾರೆ. ದೊಡ್ಡ ದೂರದರ್ಶಕಗಳೆಲ್ಲ ಮಾಡುವುದು ಅದನ್ನೇ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಹೀಗೇ ಆಕಾಶವನ್ನು ಹಿಂಬಾಲಿಸುತ್ತದೆ. ಅದನ್ನು ನಡೆಸುವವರು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ನಮ್ಮ ಚಿತ್ರದಲ್ಲಿ ಕಲ್ಲೂ ಇದೆಯಲ್ಲ. ಕ್ಯಾಮೆರಾ ನಕ್ಷತ್ರದ ಹಿಂದೆ ಹೋದರೆ ಕಲ್ಲು ಮಸುಕಾಗುತ್ತದೆ. ಅದಕ್ಕೇ ಟ್ರ್ಯಾಕರ್ ಮನೆಯಲ್ಲಿದೆ.

ಬದುವಿನ ಮೇಲೆ ಬೆಳಕು. ಯಾರೋ ಬರುತ್ತಿದ್ದಾರೆ. ಕಣ್ಣು ಮುಚ್ಚಿಕೊಳ್ಳಿ, ಒಗ್ಗಿದ ಕತ್ತಲು ಹಾಳಾಗದಿರಲಿ.

"ಏನ್ ನಡ್ಸೀರಿ ಸರ, ಇಷ್ಟೊತ್ತಿನ್ಯಾಗ?"

ಪಕ್ಕದ ಗದ್ದೆಯವರು. ಹೆಗಲ ಮೇಲೆ ಸಲಿಕೆ, ಕೈಯಲ್ಲಿ ಬ್ಯಾಟರಿ. ಕಾಲುವೆ ನೀರಿನ ಪಾಳಿ ಈ ರಾತ್ರಿ ಅವರದ್ದು.

"ಚುಕ್ಕಿ ಫೋಟೊ ತೆಗೀತಿದ್ದೀವಿ ಕಾಕಾ. ಬ್ಯಾಟರಿ ಒಂಚೂರು ನೆಲಕ್ಕೆ ಹಿಡೀರಿ."

"ಹಗಲೆಲ್ಲ ಗುಡ್ಡದ್ ಫೋಟೊ ತಗಿಯೋರ್ನ ನೋಡೀವಿ. ಚುಕ್ಕಿ ತಗಿಯೋರು ನೀವ ನೋಡ್ರಿ." ಅವರು ಸಲಿಕೆ ಊರಿ ನಿಂತರು. "ಕತ್ತಲದಾಗ ಬರತೈತೇನ್ರಿ ಅದು?"

ಬರುತ್ತದೆ ಎಂದು ಹೇಳುವುದಕ್ಕಿಂತ ಅವರ ಕೈಯಲ್ಲೇ ಬರಿಸುವುದು ಮೇಲು. ಅವರ ಬ್ಯಾಟರಿ ಒಳ್ಳೆಯದಿದೆ, ಬೆಳಕು ಸ್ವಲ್ಪ ಹಳದಿಗಿದೆ. ಕಲ್ಲಿಗೆ ಆ ಬಣ್ಣ ಒಪ್ಪುತ್ತದೆ. ಅವರನ್ನು ನಮ್ಮ ಬಲಕ್ಕೆ, ಬದುವಿನ ಮೇಲೆ ಇಪ್ಪತ್ತು ಹೆಜ್ಜೆ ಕಳಿಸುತ್ತೇನೆ. ಕ್ಯಾಮೆರಾದ ಪಕ್ಕದಿಂದಲೇ ಬೆಳಕು ಬಿಟ್ಟರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಓರೆಯಿಂದ ಬಿದ್ದರೆ ಅದರ ಒರಟು ಮೈಯ ಒಂದೊಂದು ಹರಳಿಗೂ ನೆರಳು ಹುಟ್ಟುತ್ತದೆ, ಚೂಪು ಕಾಣುವುದು ಆ ನೆರಳಿನಿಂದ.

"ನಾ ಹೂಂ ಅಂದಾಗ ಆ ಗುಂಡಿನ ಮ್ಯಾಲ ಬಿಡ್ರಿ ಕಾಕಾ. ಎರಡು ಎಣಿಸಿ ಆರಿಸ್ಬಿಡ್ರಿ. ಒಂದ ಕಡೆ ನಿಲ್ಲಿಸಬ್ಯಾಡ್ರಿ, ಆಡಿಸ್ತಾ ಇರ್ರಿ."

ರಿಮೋಟ್. ಶಟರ್ ತೆರೆಯಿತು. ನಾಲ್ಕು ಸೆಕೆಂಡ್ ಆಕಾಶಕ್ಕೆ ಬಿಟ್ಟು, "ಹೂಂ". ಗುಂಡುಕಲ್ಲಿನ ಬಲ ಮೈ ಬೆಳಗಿತು, ಆರಿತು. ಮತ್ತೆ ಕತ್ತಲು. ಶಟರ್ ಮುಚ್ಚಿದ ಸದ್ದು.

ಕಾಕಾ ಬದುವಿನ ಮೇಲೆ ಸರಸರ ನಡೆದು ಬಂದು ಪರದೆಗೆ ಬಗ್ಗಿದರು. ಗುಂಡುಕಲ್ಲಿನ ಮೇಲೆ ಆಕಾಶಗಂಗೆ ಓರೆಯಾಗಿ ಏರಿದೆ. ಕಣ್ಣಿಗೆ ಬೂದಾಗಿ ಕಂಡದ್ದು ಇಲ್ಲಿ ಕಂದು, ನೀಲಿ, ನಡುವೆ ಕಪ್ಪು ಸೀಳುಗಳು. ನಾನು ಹಿಗ್ಗಿಸಿದೆ. ಅವರು ಬೆರಳಿಟ್ಟು ತೋರಿಸಿದ್ದು ನೇರ ಮೂಲೆಗೆ:

"ನಡಬರಕಿನ ಚುಕ್ಕಿ ಚೊಲೋ ಅದಾವ. ಈ ಮೂಲ್ಯಾಗಿನ ಚುಕ್ಕಿಗಿ ಯಾಕ್ರಿ ರೆಕ್ಕಿ ಮೂಡ್ಯಾವ?"

ಇಷ್ಟು ಬೇಗ ಇದನ್ನು ಗುರುತಿಸಿದವರನ್ನು ನಾನು ಕಂಡದ್ದು ಕಡಿಮೆ. ಬೀಜದ ಕಾಳು ಆರಿಸಿ ಪಳಗಿದ ಕಣ್ಣು ಅದು. ರಾತ್ರಿಯ ಚಿತ್ರ ಏಕೆ ಕೆಟ್ಟಿತು ಎಂಬುದರ ಪೂರ್ತಿ ವರದಿ ನಕ್ಷತ್ರದ ಆಕಾರದಲ್ಲೇ ಇರುತ್ತದೆ, ಓದಲು ಬರಬೇಕು. ಚಿತ್ರದ ತುಂಬ ನಕ್ಷತ್ರಗಳೆಲ್ಲ ದುಂಡಗೆ, ಆದರೆ ದಪ್ಪಗೆ ಮೆತ್ತಗೆ ಇದ್ದರೆ ಫೋಕಸ್ ತಪ್ಪಿದೆ. ಎಲ್ಲವೂ ಆಕಾಶ ಸರಿಯುವ ದಿಕ್ಕಿಗೇ ನೀಟಾಗಿ ಉದ್ದವಾಗಿದ್ದು ಕಲ್ಲು ಚೂಪಾಗಿದ್ದರೆ ಭೂಮಿ. ನಕ್ಷತ್ರವೂ ಕಲ್ಲೂ ಒಂದೇ ಬಗೆಯಲ್ಲಿ ಅಂಕುಡೊಂಕಾಗಿದ್ದರೆ ಗಾಳಿ ಅಥವಾ ಸಡಿಲ ಸ್ಟ್ಯಾಂಡು. ಪ್ರತಿ ನಕ್ಷತ್ರದ ಪಕ್ಕದಲ್ಲೂ ಅದರ ಜೋಡಿಯೊಂದು ನಿಂತಿದ್ದರೆ ನಡುವೆ ಯಾರೋ ಒಮ್ಮೆ ಸ್ಟ್ಯಾಂಡಿಗೆ ತಾಗಿದ್ದಾರೆ, ಅಥವಾ ಬಾಲ್ ಹೆಡ್ ಜಾರಿ ನಿಂತಿದೆ. ನಡುವಿನ ನಕ್ಷತ್ರ ಬಿಂದುವಾಗಿದ್ದು ಮೂಲೆಯದಕ್ಕೆ ಮಾತ್ರ ರೆಕ್ಕೆ ಬಂದಿದ್ದರೆ, ಆಗ ಮಾತ್ರ, ಲೆನ್ಸನ್ನು ದೂರಬಹುದು. ಗಾಜಿನ ಅಂಚಿನಿಂದ ಓರೆಯಾಗಿ ಬಂದ ಬೆಳಕು ಒಂದೇ ಬಿಂದುವಿಗೆ ಕೂಡದೆ ಹರಡಿದ್ದು ಅದು, ಕೋಮಾ ಎನ್ನುತ್ತಾರೆ. ಲೆನ್ಸ್ ಪೂರ್ತಿ ತೆರೆದಾಗ ಹೆಚ್ಚು, ಅಪರ್ಚರ್ ಕಿರಿದಾದಷ್ಟೂ ಕಡಿಮೆ. ಎಫ್/1.8ರ ಲೆನ್ಸನ್ನು ಎಫ್/2.8ಕ್ಕೆ ಇಳಿಸಿಕೊಂಡದ್ದೇ ಇದಕ್ಕಾಗಿ, ಆದರೂ ಮೂಲೆಯಲ್ಲಿ ಸ್ವಲ್ಪ ಉಳಿದಿದೆ. ಇನ್ನೂ ಇಳಿಸಿದರೆ ಬೆಳಕು ಸಾಲದು. ಇರಲಿ.

ಅದನ್ನೆಲ್ಲ ಕಾಕಾಗೆ ಹೇಳಿದೆ. "ಹಂಗಾರ ಗಾಜಿನ ಗುಣ ಅದು," ಎಂದರು. ಸರಿಯಾಗಿ ಹೇಳಿದರು.

ಗಂಟೆ ನಾಲ್ಕೂ ಹತ್ತು. ಈಗ ನಿಜವಾದ ಕೆಲಸ. ಚೌಕಟ್ಟು ಬದಲಿಸದೆ, ಫೋಕಸ್ ಮುಟ್ಟದೆ, 10 ಸೆಕೆಂಡಿನ 16 ಚಿತ್ರ, ಒಂದರ ಹಿಂದೆ ಒಂದು. ಐಎಸ್‌ಒ 6400ರಲ್ಲಿ ಒಂದೊಂದು ಚಿತ್ರವೂ ಮರಳು ಎರಚಿದಂತಿರುತ್ತದೆ. ಆ ಮರಳು ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಬೀಳುತ್ತದೆ, ನಕ್ಷತ್ರ ಮಾತ್ರ ಎಲ್ಲದರಲ್ಲೂ ಇರುತ್ತದೆ. ಮನೆಯಲ್ಲಿ ಸೀಕ್ವೇಟರಿನಂಥ ತಂತ್ರಾಂಶಕ್ಕೆ ಕೊಟ್ಟರೆ ಅದು ಆಕಾಶವನ್ನು ನಕ್ಷತ್ರಕ್ಕೆ ನಕ್ಷತ್ರ ಕೂಡಿಸಿ ಸರಾಸರಿ ತೆಗೆಯುತ್ತದೆ, ನೆಲವನ್ನು ಸರಿಸದೆ ಬೇರೆಯಾಗಿಡುತ್ತದೆ. 16 ಚಿತ್ರಗಳ ಸರಾಸರಿಯಲ್ಲಿ ಮರಳು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮರಳು ಇಳಿದಾಗ ಸಣ್ಣ ನಕ್ಷತ್ರ ಎದ್ದು ಬರುತ್ತದೆ, ಕಲ್ಲಿನ ಹರಳೂ ಬರುತ್ತದೆ. ಕ್ಯಾಮೆರಾದೊಳಗೆ ದೀರ್ಘ ಎಕ್ಸ್‌ಪೋಷರಿಗೆಂದೇ ಮರಳು ಕಡಿಮೆ ಮಾಡುವ ಸೌಲಭ್ಯವೂ ಇದೆ; ಪ್ರತಿ ಚಿತ್ರವಾದ ಮೇಲೂ ಅಷ್ಟೇ ಹೊತ್ತು ಶಟರ್ ಮುಚ್ಚಿಕೊಂಡು ಕತ್ತಲೆಯ ಚಿತ್ರವೊಂದನ್ನು ತೆಗೆದು ಅದನ್ನು ಮೂಲ ಚಿತ್ರದಿಂದ ಕಳೆಯುತ್ತದೆ. ಒಂದೇ ಚಿತ್ರ ತೆಗೆಯುವಾಗ ಬಹಳ ಒಳ್ಳೆಯದು. ಸಾಲಾಗಿ 16 ತೆಗೆಯುವಾಗ ಆರಿಸಿಡಿ, ಅರ್ಧ ಹೊತ್ತು ಅದಕ್ಕೇ ಹೋಗುತ್ತದೆ. ಕಡೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ ನಾಲ್ಕಾರು ಕತ್ತಲೆಯ ಚಿತ್ರ ನಾವೇ ತೆಗೆದುಕೊಂಡರಾಯಿತು.

ರಿಮೋಟಿನ ಗುಂಡಿಯನ್ನು ಒತ್ತಿ ಲಾಕ್ ಮಾಡಿದೆ. ಇನ್ನು ಎರಡೂ ಮುಕ್ಕಾಲು ನಿಮಿಷ ನಮಗೆ ಕೆಲಸವಿಲ್ಲ. ಈಶಾನ್ಯದ ಆ ಅಭಿಜಿತ್ ನೋಡಿ, ಸೂರ್ಯನನ್ನು ಬಿಟ್ಟರೆ ಮನುಷ್ಯ ಮೊದಲು ಫೋಟೊ ತೆಗೆದ ನಕ್ಷತ್ರ ಅದು. 1850ರ ಜುಲೈನಲ್ಲಿ, ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ 15 ಅಂಗುಲದ ದೂರದರ್ಶಕದ ಹಿಂದೆ ಬೆಳ್ಳಿ ಲೇಪಿಸಿದ ತಟ್ಟೆ ಇಟ್ಟು, ಜಾನ್ ಆ್ಯಡಮ್ಸ್ ವಿಪಲ್ ಮತ್ತು ವಿಲಿಯಂ ಬಾಂಡ್ 100 ಸೆಕೆಂಡ್ ಬೆಳಕು ಬಿಟ್ಟರು. ಅಷ್ಟೂ ಹೊತ್ತು ಆ ಭಾರಿ ದೂರದರ್ಶಕ ನಕ್ಷತ್ರವನ್ನು ಬಿಡದೆ ಹಿಂಬಾಲಿಸಬೇಕಿತ್ತು. ಅಲುಗಿದ್ದು ಯಾರು ಎಂಬ ಪ್ರಶ್ನೆ ಅವರಿಗೂ ಇದ್ದೇ ಇತ್ತು. ಅದಾಗಿ ಆರು ವರ್ಷಕ್ಕೆ, 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಇಲ್ಲೇ ಹೊಳೆಯಾಚೆ ಹಂಪಿಯ ಗುಡಿಗಳನ್ನು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ತೆಗೆದ. ಆ ಕಾಗದ ಬಲು ಮಂದ, ಉರಿಬಿಸಿಲಿನಲ್ಲೂ ಸ್ಟ್ಯಾಂಡಿನ ಮೇಲೆ ದೀರ್ಘ ಎಕ್ಸ್‌ಪೋಷರ್ ಬೇಡುವಂಥದ್ದು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಅವನು ನಿಂತ ಜಾಗಗಳನ್ನೇ ಹುಡುಕಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಜೊತೆಯಿಟ್ಟು ನೋಡಲು ಸಾಧ್ಯವಾದದ್ದು, ಗ್ರೀನ್‌ಲಾನ ಸ್ಟ್ಯಾಂಡು ಅಲುಗದೆ ನಿಂತದ್ದರಿಂದ.

ಹದಿನಾರೂ ಆದವು. ಲೆನ್ಸಿನ ಗಾಜಿಗೆ ಓರೆಯಾಗಿ ಕೆಂಪು ಟಾರ್ಚ್ ಹಿಡಿದು ನೋಡಿ. ಅಂಚಿನಲ್ಲಿ ತೆಳುವಾಗಿ ಮಂಜು ಕೂರಲು ಶುರುವಾಗಿದೆ. ಬೇಸಿಗೆಯ ಒಣ ಹವೆಯೇ, ಆದರೆ ಸುತ್ತ ನೀರು ನಿಂತ ಗದ್ದೆ. ಕಾಕಾ ಈಗಷ್ಟೇ ಇನ್ನಷ್ಟು ನೀರು ಬಿಟ್ಟಿದ್ದಾರೆ. ಒರೆಸಲು ಹೋಗಬೇಡಿ, ಒರೆಸುವ ಕೈ ಉಂಗುರವನ್ನೂ ಸ್ಟ್ಯಾಂಡನ್ನೂ ಸರಿಸುತ್ತದೆ. ಲೆನ್ಸಿಗೆ ಸುತ್ತುವ ಬಿಸಿಪಟ್ಟಿ ಇದೆ, ಪವರ್ ಬ್ಯಾಂಕಿನಿಂದ ನಡೆಯುವಂಥದ್ದು. ಅದನ್ನು ಈಗ ಕಟ್ಟೋಣ, ಗಾಜು ಹವೆಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಮಂಜು ತಾನೇ ಹೋಗುತ್ತದೆ. ಅದು ಹೋದ ಮೇಲೆ ಫೋಕಸ್ ಇನ್ನೊಮ್ಮೆ ನೋಡಲೇಬೇಕು. ಲೆನ್ಸ್ ಬಿಸಿಯಾಯಿತಲ್ಲ. ಜ್ಯೇಷ್ಠಾ ಹಿಗ್ಗಿಸಿ: ಬಡ ಚುಕ್ಕಿಗಳು ಕಾಣುತ್ತಿಲ್ಲ. ಟೇಪ್ ಸಡಿಲಿಸಿ, ಕೂದಲಷ್ಟು ತಿರುಗಿಸಿ. ಬಂದವು. ಮತ್ತೆ ಹದಿನಾರು.

ಐದೂಕಾಲಾಯಿತು. ಪೂರ್ವದ ಕಪ್ಪು ತಿಳಿಯಾಗುತ್ತಿದೆ. ಆಕಾಶಗಂಗೆಯ ಕಪ್ಪು ಸೀಳುಗಳು ಮೊದಲು ಅಳಿಸುತ್ತವೆ. ಕ್ಯಾಮೆರಾ ಮುಟ್ಟಬೇಡಿ, ಒಂದು ಚಿತ್ರ ಬಾಕಿಯಿದೆ. ಕಲ್ಲಿನ ನೆರಳಿನ ಭಾಗ ರಾತ್ರಿಯ ಚಿತ್ರಗಳಲ್ಲಿ ಬರೀ ಕಪ್ಪು. ಈಗ ಹರಡುತ್ತಿರುವ ಮೆತ್ತನೆಯ ಬೆಳಕಿನಲ್ಲಿ ಐಎಸ್‌ಒ 400ಕ್ಕೆ ಇಳಿಸಿ ಎರಡು ನಿಮಿಷದ ಒಂದೇ ಎಕ್ಸ್‌ಪೋಷರ್. ಸ್ಟ್ಯಾಂಡು ಸರಿಯದಿದ್ದರೆ ಇದು ರಾತ್ರಿಯ ಆಕಾಶದ ಕೆಳಗೆ ಅಂಚಿಗೆ ಅಂಚು ಕೂರುತ್ತದೆ. ಗುಂಡಿಗಳನ್ನು ಮುಟ್ಟಿದ್ದರಿಂದ ಎಣಿಸುವುದು ಮರೆಯಬೇಡಿ: ಒಂದು, ಎರಡು, ಮೂರು. ಈಗ ರಿಮೋಟ್.

ಕಾಕಾ ಮಡೆ ಮುಚ್ಚಿ ಕೈ ತೊಳೆದು ಬಂದರು. "ಆ ಗುಂಡಿನ್ ಫೋಟೊ ನಮ್ ಹುಡುಗನ್ ಮೊಬೈಲಿಗಿ ಹಾಕ್ರಿ ಸರ. ಬೆಳಕ್ ಬಿಟ್ಟಾಂವ ನಾನ."

ಹಾಕುತ್ತೇನೆ ಎಂದೆ. ಆದರೆ ಸುಮ್ಮನೆ ಫೋಟೊ ಎಂದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಹಿಂಡುತ್ತದೆ, ಎರಡು ಪಿಕ್ಸೆಲ್ಲಿನ ನಕ್ಷತ್ರಗಳು ಹೋಗುವುದೇ ಮೊದಲು. ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಬೇಕು. ಮೂಲೆಯ ಚುಕ್ಕಿಯ ರೆಕ್ಕೆಯನ್ನೂ ಬಿಡದೆ ನೋಡಿದ ಕಣ್ಣಿಗೆ ಹಿಂಡಿದ ಚಿತ್ರ ಕಳಿಸಲಾರೆ. ನಂಬರ್ ಬರೆದುಕೊಂಡೆ.